ಎರಡು ಬೆರಳಗಲದ ಬೋರ್ಡಿನಲ್ಲಿ 1982ರ ಕಂಪ್ಯೂಟರ್

ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರ್ ಮಾರುಕಟ್ಟೆಗೆ ಬಂದಿದ್ದು 1982ರಲ್ಲಿ. ಕಲಬುರಗಿಯ ಅಟ್ಟಗಳನ್ನೆಲ್ಲ ಜಾಲಾಡಿದರೂ ಒಂದು ಸಿಗುವುದು ಅನುಮಾನ. ನಮ್ಮ ದೇಶದಲ್ಲಿ 1984ರ ಕ್ಲಾಸ್ ಯೋಜನೆಯಡಿ ಶಾಲೆಗಳಿಗೆ ಬಂದಿದ್ದು ಬಿಬಿಸಿ ಮೈಕ್ರೋ. ಉಳಿದವರು ಕೀಬೋರ್ಡ್ ಮುಟ್ಟಿದ್ದೇ ಡಾಸ್ ಕಾಲದಲ್ಲಿ. ಮತ್ತೆ ನಮಗ್ಯಾಕೆ ಇದರ ಉಸಾಬರಿ? ಯಾಕೆಂದರೆ ಇದು ಪೂರ್ತಿ ಅರ್ಥವಾಗುವ ಕಂಪ್ಯೂಟರ್. 64 ಕೆಬಿ ಮೆಮೊರಿ, ಸುಮಾರು 1 ಮೆಗಾಹರ್ಟ್ಸ್ ಪ್ರೊಸೆಸರ್, ಚಿತ್ರಕ್ಕೊಂದು ಚಿಪ್, ಸದ್ದಿಗೊಂದು ಚಿಪ್. ಒಂದು ರಜೆಯಲ್ಲಿ ಒಳಗಿನದೆಲ್ಲ ತಿಳಿದುಕೊಳ್ಳಬಹುದು. ಇವತ್ತಿನ ಲ್ಯಾಪ್‌ಟಾಪ್ ಬಗ್ಗೆ ಹಾಗೆ ಹೇಳೋಕಾಗುತ್ತಾ? ಅದನ್ನೇ ಈಗ ಎಫ್‌ಪಿಜಿಎ ಎಂಬ, ಒಳಗಿನ ಜೋಡಣೆಯನ್ನು ನಾವೇ ಬದಲಿಸಬಹುದಾದ ಚಿಪ್ ಇರುವ ಪುಟ್ಟ ಬೋರ್ಡಿನಲ್ಲಿ ಮತ್ತೆ ಕಟ್ಟೋಣ.

ಎಮ್ಯುಲೇಟರ್ ಸಾಲದೇ?

ಆಟವಾಡಲು ಧಾರಾಳವಾಗಿ ಸಾಕು. ಆದರೆ ಎಮ್ಯುಲೇಟರ್ ಒಂದು ಸಾಫ್ಟ್‌ವೇರ್. ಹಳೆಯ ಚಿಪ್ ಈಗ ಏನು ಮಾಡುತ್ತಿತ್ತು ಎಂದು ಒಂದೊಂದಾಗಿ ಲೆಕ್ಕ ಹಾಕಿ ತೋರಿಸುತ್ತದೆ. ಎಫ್‌ಪಿಜಿಎ ಹಾಗಲ್ಲ. ಅದರೊಳಗೆ ಸಾವಿರಾರು ಪುಟ್ಟ ಲಾಜಿಕ್ ತುಣುಕುಗಳಿವೆ. ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂದು ಒಂದು ಫೈಲ್ ಹೇಳುತ್ತದೆ. ಆಮೇಲೆ ಪ್ರೊಸೆಸರ್, ವಿಡಿಯೊ ಚಿಪ್ ಎರಡೂ ನಿಜವಾದ ಸರ್ಕ್ಯೂಟ್‌ಗಳಾಗಿ ಒಟ್ಟಿಗೇ ಓಡುತ್ತವೆ. ಕಮೊಡೋರ್‌ನ ವಿಡಿಯೊ ಚಿಪ್ ಅಕ್ಷರದ ಪ್ರತಿ ಸಾಲಿಗೊಮ್ಮೆ ಪ್ರೊಸೆಸರನ್ನು ಸುಮಾರು 40 ಸೈಕಲ್ (ಗಡಿಯಾರದ ಮಿಡಿತ) ತಡೆದು ನಿಲ್ಲಿಸುತ್ತದೆ. ಆ ಜಗ್ಗಾಟವೂ ಇಲ್ಲಿ ಹಾಗೇ ನಡೆಯಬೇಕು.

ಏನೇನು ಬೇಕು?

ಹಳೆಯ ಕಂಪ್ಯೂಟರುಗಳನ್ನು ಹೀಗೆ ಮರುಕಟ್ಟುವ ಹವ್ಯಾಸಿಗಳಲ್ಲಿ ಹೆಸರಾದದ್ದು ಮಿಸ್ಟರ್ ಪ್ರಾಜೆಕ್ಟ್. ಅದು ಡಿಇ10-ನ್ಯಾನೊ ಎಂಬ ಬೋರ್ಡಿನ ಮೇಲೆ ಓಡುತ್ತದೆ, ಡಾಸ್ ಕಾಲದ 486 ಪಿಸಿಯೂ ಆಗುತ್ತದೆ. ಆದರೆ ದುಬಾರಿ. ಮೊದಲ ಸಲಕ್ಕೆ ಸೈಪೀಡ್ ಕಂಪನಿಯ ಟ್ಯಾಂಗ್ ನ್ಯಾನೊ 20ಕೆ ಸಾಕು. ಅದರಲ್ಲಿ 20,736 ಲಾಜಿಕ್ ತುಣುಕುಗಳು, ಎಚ್‌ಡಿಎಂಐ ಕಿಂಡಿ, ಮೆಮೊರಿ ಕಾರ್ಡ್ ಜಾಗ ಎಲ್ಲ ಇವೆ. ಯುಎಸ್‌ಬಿ ಕೀಬೋರ್ಡಿಗಾಗಿ ಎಂ0ಎಸ್ ಡಾಕ್ ಎಂಬ ಪುಟಾಣಿ ಬೋರ್ಡನ್ನೂ ತರಿಸಿ. ಎರಡೂ ಆನ್‌ಲೈನಿನಲ್ಲೇ ಸಿಗುವುದು. ಪಿನ್ ಬೆಸುಗೆ ಹಾಕಿರದಿದ್ದರೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಡೆ ಯಾವುದಾದರೂ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಹಾಕಿಸಿಕೊಳ್ಳಿ. ಅವರ ಕೈ ನಮ್ಮ ಕೈಗಿಂತ ಸ್ಥಿರ.

ಹಂತ 1: ಲೈಟ್ ಮಿನುಗಿಸಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಈ ಬೋರ್ಡಿನ ಚಿಪ್ ತಯಾರಿಸುವ ಗೋವಿನ್ ಕಂಪನಿಯ ಸಾಫ್ಟ್‌ವೇರಿನ ಉಚಿತ ಶಿಕ್ಷಣ ಆವೃತ್ತಿ ಹಾಕಿಕೊಳ್ಳಿ. ಬೋರ್ಡಿನ ಗಡಿಯಾರ ಸೆಕೆಂಡಿಗೆ 2.7 ಕೋಟಿ ಸಲ ಮಿಡಿಯುತ್ತದೆ. 1,35,00,000 ಎಣಿಸಿದಾಗೊಮ್ಮೆ ಎಲ್ಇಡಿ ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್ ಮಾಡುವ ನಾಲ್ಕು ಸಾಲು ವೆರಿಲಾಗ್ (ಸರ್ಕ್ಯೂಟ್ ವಿವರಿಸುವ ಭಾಷೆ) ಬರೆಯಿರಿ. ಇಲ್ಲಿ ಇಸಿ (ಎಲೆಕ್ಟ್ರಾನಿಕ್ಸ್ ಮತ್ತು ಕಮ್ಯುನಿಕೇಶನ್) ಓದುವ ಹುಡುಗ ಹುಡುಗಿಯರಿಗೆ ಇದು ಲ್ಯಾಬಿನಲ್ಲೇ ಮಾಡಿದ ಕೆಲಸ, ಗೊತ್ತಿಲ್ಲದಿದ್ದರೆ ಅವರನ್ನೇ ಕೇಳಿ. ಬೋರ್ಡ್ ಕಂಪ್ಯೂಟರಿಗೆ ಕಾಣಿಸದಿದ್ದರೆ ಮೊದಲು ಕೇಬಲ್ ಮೇಲೆ ಅನುಮಾನ ಪಡಿ. ಚಾರ್ಜಿಂಗ್‌ಗೆ ಮಾತ್ರ ಬರುವ ಕೇಬಲ್‌ಗಳೇ ಮನೆಯಲ್ಲಿ ಜಾಸ್ತಿ ಇರುತ್ತವೆ.

ಹಂತ 2: ಕೋರ್ ತುಂಬಿಸಿ

ಸಿ64ನ್ಯಾನೊ ಎಂಬ ಮುಕ್ತ ಪ್ರಾಜೆಕ್ಟಿನಿಂದ ನಿಮ್ಮ ಬೋರ್ಡಿನ ಕೋರ್, ಅಂದರೆ ಕಮೊಡೋರ್‌ನ ಸರ್ಕ್ಯೂಟ್ ಜೋಡಣೆ ಹೇಳುವ ಫೈಲ್, ಇಳಿಸಿಕೊಳ್ಳಿ. ಅದನ್ನು ಎಸ್‌ರ‍್ಯಾಮ್‌ಗೆ ಹಾಕಿದರೆ ಕರೆಂಟ್ ಹೋದ ಕೂಡಲೇ ಮಾಯ. ನಮ್ಮೂರಿನ ಬೇಸಿಗೆಯಲ್ಲಿ ಅದು ಎಷ್ಟು ಹೊತ್ತಿಗೆ ಹೋಗುತ್ತದೋ ಯಾರಿಗೆ ಗೊತ್ತು? ಫ್ಲ್ಯಾಶ್‌ಗೇ ಬರೆಯಿರಿ, ಅಲ್ಲಿ ಉಳಿಯುತ್ತದೆ. ರೋಮ್ (ROM) ಫೈಲುಗಳನ್ನು ಪ್ರಾಜೆಕ್ಟ್ ಹೇಳಿದ ವಿಳಾಸದಲ್ಲೇ ಹಾಕಬೇಕು, ಒಂದು ಸೊನ್ನೆಯೂ ತಪ್ಪಬಾರದು.

ಹಂತ 3: ಕೀಬೋರ್ಡ್, ಪರದೆ, ಕಾರ್ಡ್

ಡಾಕ್‌ನ ಬೂಟ್ ಬಟನ್ ಒತ್ತಿ ಹಿಡಿದುಕೊಂಡೇ ಯುಎಸ್‌ಬಿ ಚುಚ್ಚಿ, ಫರ್ಮ್‌ವೇರ್ ಬರೆಯಿರಿ. ಆಮೇಲೆ ಎರಡು ಬೋರ್ಡುಗಳ ನಡುವೆ ಐದು ಸಿಗ್ನಲ್ ತಂತಿ, 5 ವೋಲ್ಟ್, ಗ್ರೌಂಡ್ ಜೋಡಿಸಿ. 5 ವೋಲ್ಟಿನ ತಂತಿ ಸಿಗ್ನಲ್ ಪಿನ್ನಿಗೆ ತಗುಲಬಾರದು. ಎಫ್‌ಪಿಜಿಎ ಪಿನ್ನುಗಳಿಗೆ 3.3 ವೋಲ್ಟೇ ಮಿತಿ, ಮೀರಿದರೆ ಬೋರ್ಡ್ ಕೈಬಿಟ್ಟಂತೆ.

ಪಾಲ್ (PAL) ಎಂಬ ಟಿವಿ ಮಾದರಿಯಲ್ಲಿ ಚಿತ್ರ ಸೆಕೆಂಡಿಗೆ 50 ಸಲ ಬರುತ್ತದೆ. ಕೆಲವು ಪಿಸಿ ಮಾನಿಟರ್‌ಗಳು ಇದನ್ನು ಒಪ್ಪುವುದಿಲ್ಲ, ಟಿವಿ ಸಾಮಾನ್ಯವಾಗಿ ಒಪ್ಪುತ್ತದೆ. ಕಾರ್ಡಿಗೆ ಫ್ಯಾಟ್32 ಫಾರ್ಮ್ಯಾಟ್ ಮಾಡಿ ಡಿಸ್ಕ್ ಫೈಲುಗಳನ್ನು ಹಾಕಿ. ಎಫ್12 ಒತ್ತಿದರೆ ಮೆನು ಬರುತ್ತದೆ. ಹಳೆಯ 1541 ಫ್ಲಾಪಿ ಡ್ರೈವಿನೊಳಗೆ ಬೇರೆಯದೇ 6502 ಪ್ರೊಸೆಸರ್ ಇತ್ತು, ಅದೂ ಈ ಬೋರ್ಡಿನಲ್ಲಿ ಮರುಹುಟ್ಟು ಪಡೆದಿದೆ. ಹಾಗಾಗಿ ಲೋಡ್ ಆಗುವುದೂ ಅಷ್ಟೇ ನಿಧಾನ. ಕಾಯಿರಿ.

ಹಂತ 4: ಬಾವುಟದ ಪರೀಕ್ಷೆ

ನೀಲಿ ಪರದೆಯ ಮೇಲೆ 38911 ಬೈಟ್ ಖಾಲಿ ಇದೆ ಎಂಬ ಸಾಲು ಬಂತೇ? ಈಗ ಪೋಕ್ (POKE) 53280,7 ಎಂದು ಟೈಪಿಸಿ. ಮೆಮೊರಿಯ ಒಂದು ವಿಳಾಸದಲ್ಲಿ ಒಂದು ಸಂಖ್ಯೆ ಇಡುವ ಆಜ್ಞೆ ಇದು. ಅಂಚು ಹಳದಿಯಾಗುತ್ತದೆ. ಪೋಕ್ 53281,2 ಎಂದರೆ ನಡುವಿನ ಭಾಗ ಕೆಂಪು. ಹಳದಿ ಕೆಂಪು ಬಂದಮೇಲೆ ಕನ್ನಡ ಬಾವುಟ ಮಾಡದೆ ಬಿಡುವುದುಂಟೇ! ಮೇಲರ್ಧ ಹಳದಿ, ಕೆಳಗರ್ಧ ಕೆಂಪು ಬೇಕು. ಕಮೊಡೋರ್‌ನಲ್ಲೇ ಇರುವ ಬೇಸಿಕ್ ಭಾಷೆಗೆ ಅಷ್ಟು ವೇಗವಿಲ್ಲ, ಮಷಿನ್ ಕೋಡ್ ಬೇಕು. ಲೂಪ್ ಹಾಕಿ ಈ 34 ಸಂಖ್ಯೆಗಳನ್ನು 49152ರಿಂದ ಸಾಲಾಗಿ ಪೋಕ್ ಮಾಡಿಸಿ:

120, 169, 151, 205, 18, 208, 208, 251, 169, 2, 141, 32, 208, 141, 33, 208, 169, 40, 205, 18, 208, 208, 251, 169, 7, 141, 32, 208, 141, 33, 208, 76, 1, 192

ಆಮೇಲೆ ಸಿಸ್ (SYS) 49152 ಎಂದು ಟೈಪಿಸಿದರೆ ಆ ಕೋಡ್ ಓಡುತ್ತದೆ. ಪರದೆ ಬಿಡಿಸುವ ಕೆಲಸ 151ನೇ ಗೆರೆಗೆ ಬಂದಾಗ ಬಣ್ಣ ಕೆಂಪಾಗುತ್ತದೆ, 296ನೇ ಗೆರೆಯಲ್ಲಿ ಮತ್ತೆ ಹಳದಿ. ಕೋಡಿನಲ್ಲಿ 296ರ ಬದಲು 40 ಯಾಕೆ? ಗೆರೆ ಎಣಿಸುವ ಆ ವಿಳಾಸದಲ್ಲಿ 255ಕ್ಕಿಂತ ದೊಡ್ಡ ಸಂಖ್ಯೆ ಹಿಡಿಯುವುದಿಲ್ಲ, 256 ಕಳೆದು ಉಳಿದದ್ದು ಕಾಣಿಸುತ್ತದೆ. ಅಮೆರಿಕದ ಎನ್‌ಟಿಎಸ್‌ಸಿ ಟಿವಿ ಮಾದರಿಯಲ್ಲಿ 296ನೇ ಗೆರೆಯೇ ಇಲ್ಲ, ಆದ್ದರಿಂದ ಮೆನುವಿನಲ್ಲಿ ಪಾಲ್ ಇರಲಿ. ಎರಡು ಬಣ್ಣ ಸೇರುವ ಜಾಗ ಸ್ವಲ್ಪ ನಡುಗಿದರೆ ಬೋರ್ಡಿನ ತಪ್ಪಲ್ಲ, ಅಸಲಿ ಕಮೊಡೋರ್‌ನಲ್ಲೂ ಈ ಕೋಡ್ ಹಾಗೇ ನಡುಗುತ್ತದೆ. ಬಾವುಟ ಇಳಿಸಲು ರೀಸೆಟ್ ಮಾಡಿ.