ಒಂದೇ ಥರದ ಕಳ್ಳತನಕ್ಕೆ ಎರಡು ಕೋರ್ಟಲ್ಲಿ ಎರಡು ಥರದ ಶಿಕ್ಷೆ ಆಗದಂತೆ ಏನು ಮಾಡಬಹುದು?

ಹಳೇ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 303(2)ನೇ ಕಲಂ ತೆಗೆದು ನೋಡಿ. ಕಳ್ಳತನಕ್ಕೆ 3 ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಇದರ ನಡುವೆ ಎಲ್ಲಿ ನಿಲ್ಲಬೇಕು ಅಂತ ಕಾನೂನು ಹೇಳುವುದಿಲ್ಲ. ಹಾಗಾಗಿ ಒಂದೇ ಕಟ್ಟಡದ ಎರಡು ಹಾಲ್‌ಗಳಲ್ಲಿ, ಒಂದೇ ಥರದ ಬೈಕ್ ಕಳ್ಳತನಕ್ಕೆ ಒಬ್ಬನಿಗೆ ಬರೀ ದಂಡ, ಇನ್ನೊಬ್ಬನಿಗೆ ಎರಡು ವರ್ಷ ಆದರೂ ಎರಡೂ ಕಾನೂನಿನ ಒಳಗೇ ಇರುತ್ತವೆ. ಇದು ಅನ್ಯಾಯ ಅಲ್ವಾ? ಶಿಕ್ಷೆ ಕೊಡಲು ಮಾರ್ಗಸೂಚಿ ಬೇಕು ಅಂತ, ಅಪರಾಧ ನ್ಯಾಯ ವ್ಯವಸ್ಥೆಯ ಸುಧಾರಣೆಗೆ ಕೇಂದ್ರ ನೇಮಿಸಿದ್ದ ಮಳೀಮಠ್ ಸಮಿತಿ 2003ರಲ್ಲೇ ಹೇಳಿತ್ತು. ಶಿಕ್ಷೆಗೊಂದು ನೀತಿ ಮಾಡುವ ಬಗ್ಗೆ ಯೋಚಿಸಿ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿತು. ಅದು ಬರಲಿ ಅಂತ ಸುಮ್ನೆ ಕೂರಬೇಕಿಲ್ಲ. ಹೊಸದಾಗಿ ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿಗೆ ಬಂದ ನ್ಯಾಯಾಧೀಶರು ಇವತ್ತೇ ಶುರು ಮಾಡಬಹುದು.

ಮೊದಲನೆಯದು, ದೋಷಿ ಅಂತ ಹೇಳಿದ ಉಸಿರಲ್ಲೇ ಶಿಕ್ಷೆ ಹೇಳಬೇಡಿ. ಇನ್ನೊಂದು ದಿನಾಂಕ ಕೊಡಿ. ಸುಪ್ರೀಂ ಕೋರ್ಟಿನ 1989ರ ಅಲ್ಲಾವುದ್ದೀನ್ ಮಿಯಾನ್ ತೀರ್ಪು ಹೇಳುವುದೂ ಇದನ್ನೇ. ಅದೇ ದಿನ ಕೇಳಿದರೆ ವಕೀಲರು ‘ಬಡವ, ಹೆಂಡ್ತಿ ಮಕ್ಕಳಿದ್ದಾರೆ’ ಅಂತಾರೆ, ಎಪಿಪಿ (ಸರ್ಕಾರದ ಪರ ವಕೀಲರು) ‘ಗರಿಷ್ಠ ಶಿಕ್ಷೆ ಕೊಡಿ’ ಅಂತಾರೆ, ಅಲ್ಲಿಗೆ ಮುಗೀತು. ತೂಗಿ ನೋಡಲು ಕೈಯಲ್ಲಿ ಏನೂ ಇರುವುದಿಲ್ಲ. ಹಿಂದಿನ ಶಿಕ್ಷೆಯ ದಾಖಲೆ ಕೇಳಿ (ಬಾಕಿ ಇರುವ ಕೇಸುಗಳನ್ನು ಲೆಕ್ಕಕ್ಕೆ ತಗೋಬೇಡಿ, ಅವು ಇನ್ನೂ ಸಾಬೀತಾಗಿಲ್ಲ). ವಯಸ್ಸು, ಕೆಲಸ, ಜೈಲಲ್ಲಿ ಕಳೆದ ದಿನಗಳು, ಮಾಲು ವಾಪಸ್ ಸಿಕ್ಕಿತಾ, ಎಲ್ಲವನ್ನೂ ಕೇಳಿ. 21 ತುಂಬದವನಾದರೆ ಜೈಲಿಗೆ ಕಳಿಸದೆ ಒಳ್ಳೆ ನಡತೆಯ ಮೇಲೆ ಬಿಡಲು ಇರುವ 1958ರ ಪ್ರೊಬೇಷನ್ ಕಾಯ್ದೆಯ 6ನೇ ಕಲಂ ಇದೆ, ಪ್ರೊಬೇಷನ್ ಅಧಿಕಾರಿಯ ವರದಿ ತರಿಸಲೇಬೇಕು.

ಆಮೇಲೆ ಬರೆಯುವ ಕ್ರಮ. ನನ್ನ ಪ್ರಕಾರ ಅರ್ಧ ಕೆಲಸ ಇಲ್ಲೇ ಇದೆ. ಮನುಷ್ಯನನ್ನು ನೋಡುವ ಮುಂಚೆ ಕೃತ್ಯ ನೋಡಿ: ಹೋದ ಬೈಕಿನ ಬೆಲೆ ಎಷ್ಟು, ಅದನ್ನೇ ನಂಬಿ ಊಟ ತಲುಪಿಸಿ ಬದುಕುತ್ತಿದ್ದ ಹುಡುಗನದಾ, ಯೋಜನೆ ಮಾಡಿ ಕದ್ದದ್ದಾ. ಅದರ ಮೇಲೆ ಒಂದು ಆರಂಭದ ಶಿಕ್ಷೆ ಬರೆದುಕೊಳ್ಳಿ. ನಂತರ ಏರಿಸುವ ಕಾರಣ, ಇಳಿಸುವ ಕಾರಣ, ಒಂದೊಂದಕ್ಕೂ ಎಷ್ಟು ತಿಂಗಳು ಅಂತ ನಿಮಗಾಗಿ ಗುರುತು ಹಾಕಿಕೊಳ್ಳಿ. ಒಂದೇ ವಿಷಯವನ್ನು ಎರಡು ಸಲ ಎಣಿಸಬೇಡಿ. ಎರಡನೇ ಸಲ ಶಿಕ್ಷೆಯಾದವನಿಗೆ ಕಾನೂನೇ 1ರಿಂದ 5 ವರ್ಷ ಅಂತ ಏರಿಸಿದೆ, ಅದೇ ಹಳೇ ಶಿಕ್ಷೆಗೆ ನೀವು ಮತ್ತೆ ಏರಿಸುವುದು ಸರಿಯಲ್ಲ. ಮಾಲಿನ ಬೆಲೆ 5,000 ರೂಪಾಯಿಗಿಂತ ಕಮ್ಮಿ, ಮೊದಲ ಸಲ, ವಾಪಸ್ಸೂ ಕೊಟ್ಟಿದ್ದಾನೆ ಅಂದ್ರೆ ಸಮುದಾಯ ಸೇವೆಯೇ ಶಿಕ್ಷೆ.

ಜಿಲ್ಲೆಯ ನ್ಯಾಯಾಧೀಶರು ಸೇರಿದಾಗ ಒಂದು ಕೆಲಸ ಮಾಡಿ. ಒಂದು ಕಲ್ಪಿತ ಕೇಸಿನ ಎರಡು ಪುಟ ಎಲ್ಲರಿಗೂ ಕೊಡಿ, ಯಾರೂ ಮಾತಾಡದೆ ಶಿಕ್ಷೆ ಮತ್ತು ಕಾರಣ ಬರೆಯಲಿ, ನಂತರ ಎಲ್ಲವನ್ನೂ ಮೇಜಿನ ಮೇಲಿಡಿ. ಎಲ್ಲಿ ಬೇರೆಯಾಯಿತು ಅಂತ ಆಗ ಕಣ್ಣಿಗೇ ಕಾಣುತ್ತೆ, ಸಾಮಾನ್ಯವಾಗಿ ಆರಂಭದ ಹಂತದಲ್ಲೇ. ನಡೆಯುತ್ತಿರುವ ಕೇಸನ್ನು ಮಾತ್ರ ತರಬೇಡಿ. ಪಕ್ಕದ ಹಾಲಿನ ಅಂಕಿಯನ್ನು ಹಾಗೇ ನಕಲು ಮಾಡುವುದೂ ಬೇಡ, ಆ ಅಂಕಿ ಶುರುವಿಗೇ ತಪ್ಪಿದ್ದರೆ ಜಿಲ್ಲೆಯೆಲ್ಲ ತಪ್ಪುತ್ತೆ. ನಿಮ್ಮದೇ ಒಂದು ರಿಜಿಸ್ಟರ್ ಇಡಿ: ಕಲಂ, ಕೃತ್ಯ, ಆರಂಭ, ಕಾರಣಗಳು, ಕೊನೆಯ ಶಿಕ್ಷೆ, ಮೇಲ್ಮನವಿಯಲ್ಲಿ ಏನಾಯಿತು. ವರ್ಗಾವಣೆ ಆಗಿ ಹೊಸ ಊರಿಗೆ ಹೋದಾಗಲೂ ಜೊತೆಗೆ ತಗೊಂಡು ಹೋಗಿ.