ಟೆಮ್ಸ್ ಕಣಿವೆಗೆ ಬಂದಿದ್ದೀರಾ? ಮೊದಲು ನೆಲ ನೋಡಿ

ಮೊದಲು ಹೆಸರು. 'ಓದುವುದು' ಅನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನು ಬರೆಯುತ್ತೇವೋ ಅದೇ ಅಕ್ಷರಗಳು (Reading), ಆದರೆ ಲಂಡನ್ನಿನ ಪಶ್ಚಿಮಕ್ಕಿರುವ ಈ ಊರಿನ ಹೆಸರು ರೆಡಿಂಗ್. ನದಿ ಥೇಮ್ಸ್ ಅಲ್ಲ, ಟೆಮ್ಸ್. ನಾನು ಮೂರು ತಿಂಗಳು ತಪ್ಪಾಗಿ ಹೇಳುತ್ತಿದ್ದೆ, ಯಾರೂ ತಿದ್ದಲಿಲ್ಲ. ಇಲ್ಲಿಯವರ ಮರ್ಯಾದೆ ಅಂಥದ್ದು.

ಬಂದ ಮೊದಲ ವಾರ ಕುಕ್ಕರ್ ನಾಲ್ಕು ಸಲ ಕೂಗಿದರೂ ತೊಗರಿಬೇಳೆ ಬೇಯಲಿಲ್ಲ. ಗ್ಯಾಸ್ಕೆಟ್ ಹೋಗಿದೆ ಅಂದುಕೊಂಡೆ. ತಪ್ಪು ಕುಕ್ಕರಿನದ್ದಲ್ಲ, ನೀರಿನದ್ದು. ಸುತ್ತಲಿನ ಗುಡ್ಡಗಳೆಲ್ಲ ಸೀಮೆಸುಣ್ಣದ ಕಲ್ಲು. ಮಳೆ ನೀರು ಅದರೊಳಗೆ ಇಳಿದು, ಸುಣ್ಣ ಕರಗಿಸಿಕೊಂಡು ನಲ್ಲಿಗೆ ಬರುತ್ತದೆ. ಕೆಟಲ್ ತಳ ನೋಡಿ, ಬಿಳಿ ಹೆಕ್ಕಳೆ ಕಟ್ಟಿರುತ್ತದೆ. ವಿನೆಗರ್ ಹಾಕಿ ಕುದಿಸಿದರೆ ಹೋಗುತ್ತದೆ. ಬೇಳೆಯನ್ನು ಫಿಲ್ಟರ್ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಸಾರು ಸರಿಹೋಗುತ್ತದೆ.

ಈ ಕಲ್ಲಿನ ಇನ್ನೊಂದು ಗುಣ, ಗುಡ್ಡದ ಮೇಲೆ ನೀರು ನಿಲ್ಲುವುದೇ ಇಲ್ಲ. ರೆಡಿಂಗಿನ ಉತ್ತರಕ್ಕೆ ಚಿಲ್ಟರ್ನ್ ಗುಡ್ಡದ ಮೇಲೆ ಸ್ಟೋಕ್ ರೋ ಅನ್ನುವ ಹಳ್ಳಿ ಇದೆ. ಅಲ್ಲಿನ ನೀರಿನ ಕಷ್ಟವನ್ನು ಇಂಡಿಯಾದಲ್ಲಿದ್ದ ಒಬ್ಬ ಇಂಗ್ಲಿಷ್ ಅಧಿಕಾರಿಯಿಂದ ಕೇಳಿದ ಕಾಶಿಯ ಮಹಾರಾಜರು ದುಡ್ಡು ಕೊಟ್ಟು ಬಾವಿ ತೋಡಿಸಿದರು. 1864ರಲ್ಲಿ ತೆರೆದ ಬಾವಿ, ಆಳ 368 ಅಡಿ. ಮೇಲೊಂದು ಗುಮ್ಮಟವೂ ಇದೆ. ದಾನ ಯಾವಾಗಲೂ ಇಂಗ್ಲೆಂಡಿನಿಂದ ಇಂಡಿಯಾಕ್ಕೇ ಹೋಗಿದ್ದು ಅಂದುಕೊಂಡವರನ್ನು ನಾನು ಆ ಬಾವಿಯ ಹತ್ತಿರವೇ ಕರೆದುಕೊಂಡು ಹೋಗುತ್ತೇನೆ.

ಟೆಮ್ಸ್ ಕಾಟ್ಸ್‌ವೋಲ್ಡ್ಸ್ ಗುಡ್ಡಗಳ ಕಡೆ ಹುಟ್ಟಿ 346 ಕಿ.ಮೀ. ಹರಿಯುತ್ತದೆ. ಗೋರಿಂಗ್ ಹತ್ತಿರ ಈ ಸುಣ್ಣದ ಗುಡ್ಡಸಾಲನ್ನೇ ಸೀಳಿಕೊಂಡು ಬರುತ್ತದೆ. ರೆಡಿಂಗಿನಲ್ಲಿ ಕೆನೆಟ್ ನದಿ ಬಂದು ಸೇರುತ್ತದೆ. ಊರು ಬೆಳೆದಿದ್ದೇ ಆ ಸಂಗಮದಿಂದ. 1121ರಲ್ಲಿ ಒಂದನೇ ಹೆನ್ರಿ ರಾಜ ಇಲ್ಲಿ ದೊಡ್ಡ ಮಠ ಕಟ್ಟಿಸಿದ, ಕೊನೆಗೆ ಅವನನ್ನು ಹೂಳಿದ್ದೂ ಅಲ್ಲೇ. ಈಗ ಮೊಂಡು ಗೋಡೆಗಳಷ್ಟೇ ಉಳಿದಿವೆ. 1840ರಲ್ಲಿ ಇಂಜಿನಿಯರ್ ಬ್ರುನೆಲ್‌ನ ರೈಲು ಲಂಡನ್ನಿನಿಂದ ಬಂತು. ಮುಂದೆ ಗೋರಿಂಗ್ ಹತ್ತಿರ ಗುಡ್ಡ ದಾಟಲು ಅದೂ ನದಿ ಕೊರೆದ ದಾರಿಯನ್ನೇ ಹಿಡಿಯಿತು. 1822ರಲ್ಲಿ ಶುರುವಾದ ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕತ್ತು ಇಲ್ಲಿಂದ ಡಬ್ಬಗಳಲ್ಲಿ ಲೋಕವೆಲ್ಲ ಸುತ್ತಿತು. ಇಲ್ಲಿನ ಫುಟ್‌ಬಾಲ್ ತಂಡಕ್ಕೆ ಮೊದಲು 'ಬಿಸ್ಕೆಟ್‌ಮೆನ್' ಅಂತಲೇ ಅಡ್ಡಹೆಸರಿತ್ತು.

ಈಗ ಮನೆ ವಿಚಾರ. ನದಿಯ ಆಚೆ ದಡದ ಕ್ಯಾವರ್ಷಮ್ ಚೆಂದದ ಜಾಗ, 1911ರವರೆಗೆ ಬೇರೆ ಜಿಲ್ಲೆಯಲ್ಲಿತ್ತು. ಆದರೆ ಅಲ್ಲಿಂದ ರೆಡಿಂಗ್ ಪೇಟೆಗೆ ಕಾರು ದಾಟುವ ಸೇತುವೆ ಎರಡೇ. ಬೆಳಗ್ಗೆ ಎಂಟೂವರೆಗೆ ಒಮ್ಮೆ ನಿಂತು ನೋಡಿ, ಆಮೇಲೆ ಅಡ್ವಾನ್ಸ್ ಕೊಡಿ. ಕಿಟಕಿಯಿಂದ ನದಿ ಕಾಣುತ್ತದೆ ಅಂತ ಏಜೆಂಟ್ ಆಸೆ ತೋರಿಸಿದರೆ, ಆ ಪೋಸ್ಟ್‌ಕೋಡ್ ಹಾಕಿ ಸರ್ಕಾರದ ವೆಬ್‌ಸೈಟಿನಲ್ಲಿ ಪ್ರವಾಹದ ಅಪಾಯ ನೋಡಿಕೊಳ್ಳಿ. ಕಾವೇರಿ ಆಷಾಢದಲ್ಲಿ ಉಕ್ಕಿದರೆ ಇದು ಉಕ್ಕುವುದು ಹೆಚ್ಚಾಗಿ ಚಳಿಗಾಲದಲ್ಲಿ. ಜುಲೈನಲ್ಲಿ ಮನೆ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ.

ಕೆಳಗೆ ಮೇಡನ್‌ಹೆಡ್, ವಿಂಡ್ಸರ್ ಮುಳುಗಬಾರದೆಂದು 11.6 ಕಿ.ಮೀ. ಉದ್ದದ ಜುಬಿಲಿ ರಿವರ್ ಅನ್ನುವ ಕಾಲುವೆ ತೋಡಿದರು. 2002ರಲ್ಲಿ ಮುಗಿಯಿತು. ಮರುವರ್ಷವೇ ಪ್ರವಾಹ ಬಂತು. ನೀರನ್ನು ನಮ್ಮ ಮೇಲೆ ತಳ್ಳಿದಿರಿ ಅಂತ ಕೆಳಗಿನ ಹಳ್ಳಿಗಳವರು ಸಿಟ್ಟಾದರು. 2014ರ ಫೆಬ್ರವರಿಯಲ್ಲಿ ಡ್ಯಾಚೆಟ್, ರೇಸ್‌ಬರಿ ಮತ್ತೆ ಮುಳುಗಿದವು. ಮೇಲಿನವರು ಕೆಳಗಿನವರ ನೀರಿನ ಜಗಳ ನಮಗೇನು ಹೊಸದಲ್ಲ, ಅಲ್ವಾ? ಇಲ್ಲಿ ಜಗಳ ನೀರು ಜಾಸ್ತಿಯಾಗಿದ್ದಕ್ಕೆ, ಅಷ್ಟೇ.

ವಿಂಡ್ಸರ್ ಪಕ್ಕದ ಸ್ಲೌ ಊರಿನ ಬಗ್ಗೆ ಜನ ಸುಮ್ನೆ ಮೂಗು ಮುರಿಯುತ್ತಾರೆ. ಮೊದಲ ಮಹಾಯುದ್ಧದ ಲಾರಿಗಳನ್ನು ರಿಪೇರಿ ಮಾಡುತ್ತಿದ್ದ ಜಾಗ 1920ರಲ್ಲಿ ಕೈಗಾರಿಕಾ ಪ್ರದೇಶವಾಯಿತು. ವೇಲ್ಸ್, ಸ್ಕಾಟ್ಲೆಂಡಿನಿಂದ ಕೆಲಸ ಹುಡುಕಿಕೊಂಡು ಬಂದರು, ಆಮೇಲೆ ಪಂಜಾಬಿನವರು. ಕರಿಬೇವು ಬೇಕಾದರೆ ನಾನು ಹೋಗುವುದು ಅಲ್ಲಿಗೇ.

ಹಾಗೆ ಹೋದಾಗ ವಿಂಡ್ಸರ್ ಕೋಟೆಯನ್ನೂ ನೋಡಿ ಬನ್ನಿ. ಟಿಪ್ಪುವಿನ ಸಿಂಹಾಸನದ ಮೇಲಿದ್ದ ಚಿನ್ನದ ಹುಮಾ ಹಕ್ಕಿ ಅಲ್ಲಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಾವೇರಿ ದಡದಿಂದ ಟೆಮ್ಸ್ ದಡಕ್ಕೆ ಬಂದದ್ದು. ಸ್ಲೌ ಸ್ಟೇಷನ್ನಿನಲ್ಲಿ ಇಳಿದು ಪುಟ್ಟ ರೈಲು ಹತ್ತಿ, ಆರೇ ನಿಮಿಷ.