ವಿದೇಶಕ್ಕೆ ಹೊರಟಿದ್ದೀರಾ? ಧಾರಣೆ ನೋಡಿ ಕಾರ್ಡ್‌ ತುಂಬಿಸಿ

ಅಡಿಕೆ ಸುಗ್ಗಿ ಮುಗಿದು ಚೀಲ ಮಂಡಿ ಸೇರಿತೆಂದರೆ ನಮ್ಮ ತೀರ್ಥಹಳ್ಳಿ, ಸಾಗರದ ಕಡೆ ಈಗ ಪಾಸ್‌ಪೋರ್ಟ್‌ ಮಾತು ಶುರುವಾಗುತ್ತದೆ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮಂದಿರು, ಮಗನ ಮನೆ ನೋಡಲು ಜರ್ಮನಿಗೆ ಹೊರಟ ಅಪ್ಪಂದಿರು, ನಾಲ್ಕಾರು ಮನೆಯವರು ಸೇರಿ ಬ್ಯಾಂಕಾಕ್‌ಗೆ ಹೋಗುವ ಗುಂಪು. ಟಿಕೆಟ್‌, ವೀಸಾ ಎಲ್ಲ ಆದಮೇಲೆ ಕೊನೆಗೆ ಏಳುವ ಪ್ರಶ್ನೆ ಒಂದೇ: ಅಲ್ಲಿ ಖರ್ಚಿಗೆ ದುಡ್ಡು ಹೇಗೆ ಒಯ್ಯುವುದು?

ಹೋದ ವರ್ಷ ತಂಗಿಯ ಬಾಣಂತನಕ್ಕೆ ಅಮ್ಮನನ್ನು ಸಿಂಗಪುರಕ್ಕೆ ಕರೆದುಕೊಂಡು ಹೋಗುವ ಕೆಲಸ ನನ್ನ ಪಾಲಿಗೆ ಬಂತು. ಫಾರೆಕ್ಸ್‌ ಕಾರ್ಡ್‌ ಮಾಡಿಸಿ ಅಮ್ಮನ ಕೈಗಿಟ್ಟೆ. ತಿರುಗಿಸಿ ಮುರುಗಿಸಿ ನೋಡಿ, ‘ಇದ್ರಲ್ಲಿ ದುಡ್ಡು ಎಲ್ಲಿದ್ಯೋ ಮಾರಾಯ?’ ಅಂದರು. ಪ್ರಶ್ನೆ ಸರಿಯಾಗಿಯೇ ಇತ್ತು.

ಫಾರೆಕ್ಸ್‌ ಕಾರ್ಡ್‌ ಅಂದರೆ ಪ್ರಿಪೇಯ್ಡ್‌ ಸಿಮ್‌ ಇದ್ದ ಹಾಗೆ. ಇಲ್ಲೇ ರೂಪಾಯಿ ಕೊಟ್ಟು ಡಾಲರ್‌, ಯೂರೊ, ಪೌಂಡ್‌ ತುಂಬಿಸಿಕೊಳ್ಳುತ್ತೀರಿ, ಅಲ್ಲಿ ಉಜ್ಜುತ್ತೀರಿ. ತುಂಬಿಸಿದ ದಿನದ ದರವೇ ಗಟ್ಟಿ. ಆಮೇಲೆ ಡಾಲರ್‌ ಏರಿದರೂ ನಿಮಗೆ ಚಿಂತೆ ಇಲ್ಲ. ಊರಿನ ಡೆಬಿಟ್‌ ಕಾರ್ಡ್‌, ಕ್ರೆಡಿಟ್‌ ಕಾರ್ಡನ್ನೇ ಅಲ್ಲಿ ಬಳಸಿದರೆ ಅನೇಕ ಬ್ಯಾಂಕುಗಳು ಪ್ರತಿ ಖರ್ಚಿನ ಮೇಲೆ ಶೇ 3.5ರಷ್ಟು ಜಾಸ್ತಿ ಹಿಡಿಯುತ್ತವೆ. ನೇಪಾಳ, ಭೂತಾನ್‌ಗೆ ಮಾತ್ರ ಈ ಕಾರ್ಡ್‌ ನಡೆಯುವುದಿಲ್ಲ. ಅಲ್ಲಿಗೆ ವಿದೇಶಿ ಹಣ ಕೊಡುವ ಪದ್ಧತಿಯೇ ಇಲ್ಲ, ರೂಪಾಯಿಯೇ ಸಾಕು.

ಮೊದಲು ಧಾರಣೆ ಕೇಳಿ

ಅಡಿಕೆ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರಾಶಿ ಅಡಿಕೆಗೆ ಎಷ್ಟು, ಬೆಟ್ಟೆ ಅಡಿಕೆಗೆ ಎಷ್ಟು ಅಂತ ನಾಲ್ಕು ಕಡೆ ಫೋನ್‌ ಮಾಡದೆ ಯಾರೂ ಚೀಲ ಕಟ್ಟುವುದಿಲ್ಲ. ಅದೇ ಮನುಷ್ಯ ಡಾಲರ್‌ ಕೊಳ್ಳುವಾಗ ಮಾತ್ರ ಕೌಂಟರ್‌ನಲ್ಲಿ ಹೇಳಿದ ದರಕ್ಕೆ ತಲೆ ಆಡಿಸಿ ಬರುತ್ತಾನೆ! ಟಿವಿಯಲ್ಲಿ ಕಾಣುವ ಡಾಲರ್‌ ದರ ನಿಮಗೆ ಸಿಗುವುದಿಲ್ಲ. ಅದರ ಮೇಲೆ ಬ್ಯಾಂಕ್‌ ತನ್ನ ಲಾಭ ಸೇರಿಸಿಕೊಂಡಿರುತ್ತದೆ. ಡಾಲರ್‌ಗೆ ಒಂದು ರೂಪಾಯಿ ಹೆಚ್ಚು ಕಡಿಮೆಯಾದರೂ 1,500 ಡಾಲರ್‌ಗೆ 1,500 ರೂಪಾಯಿ ಆಯಿತು, ಅಲ್ವಾ?

ಹಾಗಾಗಿ ಒಂದೇ ದಿನ, ಒಂದೇ ಹೊತ್ತಿಗೆ ಎರಡು ಮೂರು ಕಡೆ ಕೇಳಿ. ‘ದರ ಎಷ್ಟು’ ಅಂತ ಕೇಳಬೇಡಿ. ‘1,000 ಡಾಲರ್‌ ತುಂಬಿಸಿದರೆ ಎಲ್ಲ ಸೇರಿ ನನ್ನ ಖಾತೆಯಿಂದ ಎಷ್ಟು ರೂಪಾಯಿ ಹೋಗುತ್ತೆ?’ ಅಂತ ಕೇಳಿ. ಕಾರ್ಡ್‌ ಶುಲ್ಕ, ಜಿಎಸ್‌ಟಿ ಎಲ್ಲ ಆಗ ಹೊರಗೆ ಬೀಳುತ್ತವೆ. ಜಿಎಸ್‌ಟಿ ದೊಡ್ಡದೇನಲ್ಲ, 1 ಲಕ್ಷ ರೂಪಾಯಿಯ ವಿನಿಮಯಕ್ಕೆ 180 ರೂಪಾಯಿ. ಪೆಟ್ಟು ಬೀಳುವುದು ದರದಲ್ಲೇ.

ಈ ಕೆಲಸವನ್ನು ಶಿವಮೊಗ್ಗದಲ್ಲೇ ಮುಗಿಸಿ. ನಮ್ಮ ಸೋಗಾನೆ ವಿಮಾನ ನಿಲ್ದಾಣದಿಂದ ಹಾರಿ ಬೆಂಗಳೂರಿನ ಏರ್‌ಪೋರ್ಟ್‌ನಲ್ಲಿ ಮಾಡಿಸೋಣ ಅಂದುಕೊಂಡರೆ ಕೆಟ್ಟಿರಿ. ಹೊರಡುವ ಗಡಿಬಿಡಿಯಲ್ಲಿ ಇರುವವರ ಹತ್ತಿರ ಯಾರು ಚೌಕಾಸಿಗೆ ನಿಲ್ಲುತ್ತಾರೆ?

ಕಾಗದಪತ್ರ ಹೆಚ್ಚೇನಿಲ್ಲ. ಪಾಸ್‌ಪೋರ್ಟ್‌, ಪ್ಯಾನ್‌, ಟಿಕೆಟ್‌, ಬೇಕಾದ ಕಡೆ ವೀಸಾ, ಜೊತೆಗೆ ಎ2 ಅನ್ನುವ ಅರ್ಜಿ. 50,000 ರೂಪಾಯಿ ಮುಟ್ಟಿದರೆ ನಗದು ತೆಗೆದುಕೊಳ್ಳುವುದಿಲ್ಲ, ಖಾತೆಯಿಂದಲೇ ಕೊಡಬೇಕು. ವರ್ಷಕ್ಕೆ ಒಬ್ಬರಿಗೆ 2,50,000 ಡಾಲರ್‌ ಮಿತಿ, ಅದು ನಮ್ಮಂಥವರಿಗೆ ತಾಗುವುದಿಲ್ಲ ಬಿಡಿ. ಆದರೆ ವರ್ಷದಲ್ಲಿ ಹೀಗೆ ಹೊರಗೆ ಹೋಗುವ ಹಣ 10 ಲಕ್ಷ ರೂಪಾಯಿ ದಾಟಿದರೆ ಮೇಲಿನ ಮೊತ್ತಕ್ಕೆ ಹಣ ಕೊಡುವಾಗಲೇ ವಸೂಲು ಮಾಡುವ ತೆರಿಗೆ, ಅಂದರೆ ಟಿಸಿಎಸ್‌ ಹಿಡಿಯುತ್ತಾರೆ. ರಿಟರ್ನ್ಸ್‌ ಸಲ್ಲಿಸುವಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಯಾವ ಹಣ ತುಂಬಿಸಬೇಕು?

ಹೋಗುವ ದೇಶದ ಹಣವನ್ನೇ. ಸಿಂಗಪುರಕ್ಕೆ ಹೋಗುವವರು ಅಮೆರಿಕದ ಡಾಲರ್‌ ತುಂಬಿಸಿದರೆ ಅಲ್ಲಿ ಉಜ್ಜಿದಾಗಲೆಲ್ಲ ಒಂದು ಹಣದಿಂದ ಇನ್ನೊಂದಕ್ಕೆ ಬದಲಾಗುತ್ತದೆ, ಬದಲಾದಾಗಲೆಲ್ಲ ಶುಲ್ಕ. ಬಾಲಿಗೋ ವಿಯೆಟ್ನಾಂಗೋ ಹೋಗುವವರಿಗೆ ಬೇರೆ ದಾರಿ ಇಲ್ಲ. ಅಲ್ಲಿನ ಹಣ ಸಾಮಾನ್ಯವಾಗಿ ಕಾರ್ಡ್‌ನಲ್ಲಿ ಸಿಗುವುದಿಲ್ಲ, ಡಾಲರ್‌ ತುಂಬಿಸಿ ಆ ಶುಲ್ಕ ಕೊಡಲೇಬೇಕು.

ಪೂರ್ತಿ ಹಣ ಕಾರ್ಡ್‌ಗೇ ಹಾಕಬೇಡಿ. ಸಿಂಗಪುರದಂಥ ಸಿಂಗಪುರದಲ್ಲೂ ಲಿಟಲ್‌ ಇಂಡಿಯಾದ ಒಂದು ಚಿಕ್ಕ ಅಂಗಡಿಯಲ್ಲಿ ನಗದೇ ಕೊಡಿ ಅಂದರು. ಒಂದು ಪ್ರವಾಸಕ್ಕೆ ಅಮೆರಿಕದ 3,000 ಡಾಲರ್‌ವರೆಗೆ ನೋಟು ಒಯ್ಯಬಹುದು, ಆದರೆ ಅಷ್ಟೊಂದು ಯಾಕೆ? ಮೊದಲ ಎರಡು ಮೂರು ದಿನಕ್ಕೆ ಆಗುವಷ್ಟಿದ್ದರೆ ಸಾಕು. ಅಲ್ಲಿನ ಎಟಿಎಂನಿಂದ ಪದೇ ಪದೇ ತೆಗೆಯುವುದು ದುಬಾರಿ. ಥಾಯ್ಲೆಂಡ್‌ನಲ್ಲಂತೂ ಹೊರದೇಶದ ಕಾರ್ಡ್‌ ಹಾಕಿ ಒಂದು ಸಲ ಹಣ ತೆಗೆದರೆ ಎಟಿಎಂನವರೇ 200 ಬಾತ್‌ಗಿಂತ ಜಾಸ್ತಿ ಹಿಡಿಯುತ್ತಾರೆ. ನಮ್ಮ ಬ್ಯಾಂಕಿನ ಶುಲ್ಕ ಬೇರೆ. ತೆಗೆಯುವುದಾದರೆ ಒಂದೇ ಸಲಕ್ಕೆ ತೆಗೆಯಿರಿ.

ಹೊರಡುವ ಮುಂಚೆ ಊರಲ್ಲೇ ಪಿನ್‌ ಹಾಕಿ, ಆ್ಯಪ್‌ ಇಳಿಸಿ, ದುಡ್ಡು ಬಂದಿದೆಯೇ ನೋಡಿ. ಇಷ್ಟಕ್ಕೆ ಓಟಿಪಿ ಬರಬೇಕು, ನಮ್ಮನೆಯಲ್ಲಿ ನೆಟ್‌ವರ್ಕ್‌ ಸಿಗುವುದು ಅಡಿಕೆ ಕಣದ ಮೂಲೆಯಲ್ಲಿ ಮಾತ್ರ. ಮಳೆಯಲ್ಲಿ ಕೊಡೆ ಹಿಡಿದು ಅಲ್ಲಿ ನಿಂತೇ ಪಿನ್‌ ಹಾಕಿದ್ದು. ಪರದೇಶದಲ್ಲಿ ಮತ್ತೆ ದುಡ್ಡು ತುಂಬಿಸಬೇಕಾದರೂ ಓಟಿಪಿ ಬೇಕು. ಹಾಗಾಗಿ ಊರಿನ ಸಿಮ್‌ಗೆ ರೋಮಿಂಗ್‌ ಹಾಕಿಸಿಕೊಂಡೇ ಹೊರಡಿ. ಎರಡನೇ ಕಾರ್ಡ್‌ ಕೊಟ್ಟರೆ ತೆಗೆದುಕೊಂಡು ಬೇರೆ ಬ್ಯಾಗ್‌ನಲ್ಲಿಡಿ.

ಅಲ್ಲಿ ಉಜ್ಜುವಾಗ

ನಾನು ಎಡವಿದ್ದು ಇಲ್ಲೇ. ಮಗುವಿಗೆ ಬಟ್ಟೆ ಕೊಂಡೆವು, ಸಿಂಗಪುರದ 80 ಡಾಲರ್‌ ಆಯಿತು. ಅಂಗಡಿಯ ಮಷಿನ್‌ ಸಿಂಗಪುರ ಡಾಲರ್‌ ಬೇಕೋ, ರೂಪಾಯಿ ಬೇಕೋ ಅಂತ ಕೇಳಿತು. ನಮ್ಮ ರೂಪಾಯಿ ಕಂಡು ಖುಷಿಯಾಗಿ ಅದನ್ನೇ ಒತ್ತಿದೆ. ಊರಿಗೆ ಬಂದು ಸ್ಟೇಟ್‌ಮೆಂಟ್‌ ನೋಡಿದರೆ 86 ಡಾಲರ್‌ ಹೋಗಿತ್ತು. ಆಗಿದ್ದಿಷ್ಟು: ಅಂಗಡಿ ಕಡೆಯವರು ತಮ್ಮ ದರದಲ್ಲಿ ಡಾಲರನ್ನು ರೂಪಾಯಿ ಮಾಡಿದರು. ನನ್ನ ಕಾರ್ಡ್‌ನಲ್ಲಿ ರೂಪಾಯಿ ಎಲ್ಲಿತ್ತು? ಅದು ಮತ್ತೆ ಡಾಲರ್‌ ಆಯಿತು. ಎರಡು ಸಲ ಕತ್ತರಿ. ಎಟಿಎಂ ಕೂಡ ಹೀಗೇ ಕೇಳುತ್ತದೆ. ಯಾವಾಗಲೂ ಆ ದೇಶದ ಹಣವನ್ನೇ ಒತ್ತಿ.

ಇನ್ನೊಂದು, ಹೋಟೆಲ್‌ನಲ್ಲಿ ಡೆಪಾಸಿಟ್‌ಗೆ ಈ ಕಾರ್ಡ್‌ ಕೊಡಬೇಡಿ. ತಂಗಿಯ ಮನೆ ಚಿಕ್ಕದು, ನಾನು ಹೋಟೆಲ್‌ನಲ್ಲಿದ್ದೆ. 100 ಡಾಲರ್‌ ತಡೆಹಿಡಿದರು. ಕೋಣೆ ಬಿಟ್ಟ ದಿನವೇ ಅವರು ಬಿಡುಗಡೆ ಮಾಡಿದರೂ ಕಾರ್ಡ್‌ಗೆ ವಾಪಸ್‌ ಬರುವಷ್ಟರಲ್ಲಿ ನಾನು ಊರು ಸೇರಿ ವಾರ ಕಳೆದಿತ್ತು. ಬಾಡಿಗೆ ಕಾರಿಗೂ ಇದೇ ಕಥೆ. ಇಂಥದ್ದಕ್ಕೆ ಕ್ರೆಡಿಟ್‌ ಕಾರ್ಡ್‌ ಒಳ್ಳೆಯದು.

ಅಮ್ಮನ ಕಾರ್ಡ್‌ ಒಂದು ದಿನ ಎಲ್ಲಿ ಹಾಕಿದರೂ ಓದಲಿಲ್ಲ. ನೋಡಿದರೆ ಅವರು ಅದನ್ನು ಎಲೆ ಅಡಿಕೆ ಚಂಚಿಯಲ್ಲಿ ಇಟ್ಟುಕೊಂಡಿದ್ದರು, ಚಿಪ್‌ ಮೇಲೆ ಸುಣ್ಣ ಒಣಗಿ ಕೂತಿತ್ತು! ಪಿನ್‌ ಬರೆದ ಚೀಟಿಯೂ ಅದೇ ಚಂಚಿಯಲ್ಲಿ. ಸುಣ್ಣ ಒರೆಸಿದ ಮೇಲೆ ಸರಿಹೋಯಿತು. ಚೀಟಿ ಹರಿದು ಹಾಕಿದೆ. ಕಾರ್ಡ್‌ ಬ್ಲಾಕ್‌ ಮಾಡುವ ಸಹಾಯವಾಣಿ ನಂಬರನ್ನು ಮಾತ್ರ ತಂಗಿ ಮನೆಯ ಫ್ರಿಜ್‌ ಮೇಲೆ ಅಂಟಿಸಿದೆ.

ಉಳಿದ ದುಡ್ಡು

ಮರಳಿ ಬಂದ 180 ದಿನದೊಳಗೆ ಉಳಿದ ವಿದೇಶಿ ಹಣವನ್ನು ವಾಪಸ್‌ ಮಾಡಬೇಕು. ಅಮೆರಿಕದ 2,000 ಡಾಲರ್‌ವರೆಗೆ ಇಟ್ಟುಕೊಳ್ಳಲು ಅವಕಾಶ ಇದೆ. ಮತ್ತೆ ಹೋಗುವ ಯೋಚನೆ ಇಲ್ಲದಿದ್ದರೆ ಸುಮ್ನೆ ಬಿಡಬೇಡಿ, ಬಹಳ ದಿನ ಬಳಸದ ಕಾರ್ಡ್‌ಗೂ ಕೆಲವು ಬ್ಯಾಂಕುಗಳು ಶುಲ್ಕ ಹಿಡಿಯುತ್ತವೆ. ಬ್ಯಾಂಕಿಗೆ ಹೋಗಿ ಅರ್ಜಿ ಕೊಟ್ಟರೆ ರೂಪಾಯಿ ಮಾಡಿ ಖಾತೆಗೆ ಹಾಕುತ್ತಾರೆ.

ಅಮ್ಮನ ಕಾರ್ಡ್‌ನಲ್ಲಿ 63 ಡಾಲರ್‌ ಉಳಿದಿತ್ತು. ಪಾಸ್‌ಬುಕ್‌ ನೋಡಿ, ‘ನಾವು ಕೊಂಡ ದರಕ್ಕಿಂತ ಕಡಿಮೆ ಹಾಕಿದಾರಲ್ಲೋ’ ಅಂದರು. ಬ್ಯಾಂಕ್‌ ಮಾರುವ ದರ ಬೇರೆ, ಕೊಳ್ಳುವ ದರ ಬೇರೆ ಅಂತ ವಿವರಿಸಲು ಬಾಯಿ ತೆರೆದೆ. ಅಮ್ಮ ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ‘ಗೊತ್ತಾಯ್ತು ಬಿಡು, ಮಂಡಿ ಲೆಕ್ಕ’ ಅಂದರು.